ಅಪೊಲೊ ಗಡಿಯಾರದಿಂದ ನಮ್ಮ ಗಂಟೆಗೆ

ಉಡುಪಿಯಲ್ಲಿ ನಿಮ್ಮ ಬಳಗ ಅಪೊಲೊ ಯಾನಗಳ ಚರಿತ್ರೆಯನ್ನು ಕನ್ನಡದಲ್ಲಿ ದಾಖಲಿಸುತ್ತಿರುವುದು ತುಂಬಾ ಖುಷಿಯ ವಿಷಯ. ಯಾನದ ಲಿಖಿತ ದಾಖಲೆಯಲ್ಲಿ ಗಗನಯಾತ್ರಿಗಳ ಮಾತಿನ ಪಕ್ಕದಲ್ಲಿ 102:45:40 ಅಂತಿದೆ, ಅದು ನಮ್ಮ ಎಷ್ಟು ಗಂಟೆ ಎಂದು ಕೇಳಿದ್ದೀರಿ ಅಲ್ವಾ? ರಾಕೆಟ್ ಹಾರಿದ ಮೇಲೆ ಕಳೆದ ಗಂಟೆ, ನಿಮಿಷ, ಸೆಕೆಂಡು ಅದು. ಅಪೊಲೊ 11 ಹಾರಿದ್ದು 1969ರ ಜುಲೈ 16ರಂದು, ನಮ್ಮ ಸಂಜೆ 7.02ಕ್ಕೆ. ಕೂಡಿಸಿ ನೋಡಿ, ಅದರ ಇಳಿಯುವ ನೌಕೆ ಈಗಲ್ ಚಂದ್ರನ ಮೇಲೆ ಇಳಿದದ್ದು 21ರ ರಾತ್ರಿ 1.47ಕ್ಕೆ. ನಮ್ಮಲ್ಲಿ ಆಗ ತುಳು ಪಂಚಾಂಗದ ಆಟಿ ತಿಂಗಳು! ಇದನ್ನೂ ಬರೆಯಿರಿ, ಊರಿನವರಿಗೆ ಹತ್ತಿರವಾಗುತ್ತದೆ.

ಆದರೆ ಅಪೊಲೊ 17ಕ್ಕೆ ಸುಮ್ನೆ ಕೂಡಿಸಬೇಡಿ. ಅದು 2 ಗಂಟೆ 40 ನಿಮಿಷ ತಡವಾಗಿ ಹೊರಟಿತ್ತು, ಮೊದಲೇ ಹಾಕಿದ ವೇಳಾಪಟ್ಟಿಗೆ ಹೊಂದಲೆಂದು ದಾರಿಯಲ್ಲಿ ಗಡಿಯಾರವನ್ನು ಅಷ್ಟೇ ಮುಂದಕ್ಕೆ ತಿರುಗಿಸಿದರು. ಅಲ್ಲಿಂದ ಮುಂದೆ ಅಷ್ಟನ್ನು ಕಳೆಯಬೇಕು. ಅಪೊಲೊ 14ರಲ್ಲೂ ಹೀಗೇ, ಸುಮಾರು 40 ನಿಮಿಷ. ಮೂಲ ಸಮಯವನ್ನು ಮಾತ್ರ ಅಳಿಸಬೇಡಿ, ಪಕ್ಕದಲ್ಲೇ ನಮ್ಮದನ್ನು ಹಾಕಿ.