ಸ್ಕಾಚ್ ಕುಡಿದು ಅಭ್ಯಾಸ ಇರುವವರು ಬರ್ಬನ್ ಹೇಗೆ ಕುಡಿಯಬೇಕು?

ನಿಮ್ಮ ಭಾವ ಅಮೆರಿಕದಿಂದ ವೈಲ್ಡ್ ಟರ್ಕಿ 101 ಅನ್ನುವ ಬರ್ಬನ್, ಅಂದರೆ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ, ತಂದುಕೊಟ್ಟಿದ್ದಾರೆ. ಸ್ಕಾಚ್‌ಗೆ ಒಗ್ಗಿದ ನಾಲಿಗೆಗೆ ಇದು ಸಿಹಿ ಅನ್ನಿಸುತ್ತದೆ, ಗಂಟಲೂ ಉರಿಯುತ್ತದೆ, ಕೋಕ್ ಬೆರೆಸಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನನಗೆ ತುಂಬಾ ಇಷ್ಟದ ವಿಸ್ಕಿ ಇದು.

ಮೊದಲು ಉರಿಯ ವಿಷಯ. ಆ 101 ಅಮೆರಿಕದ ಪ್ರೂಫ್ ಲೆಕ್ಕ. ಅದರ ಅರ್ಧ, ಅಂದರೆ ಶೇ. 50.5 ಆಲ್ಕೋಹಾಲ್. ನಮ್ಮೂರ ವಿಸ್ಕಿ ಸಾಮಾನ್ಯವಾಗಿ ಶೇ. 42.8 ಇರುತ್ತದೆ. 60 ಎಂಎಲ್‌ಗೆ ಎರಡು ಟೀ ಚಮಚ ನೀರು ಹಾಕಿ, ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತದೆ.

ಇನ್ನು ಆ ಸಿಹಿ. ಅದನ್ನು ಯಾರೂ ಬೆರೆಸಿದ್ದಲ್ಲ. ಬರ್ಬನ್‌ಗೆ ನೀರು ಬಿಟ್ಟು ಬೇರೇನನ್ನೂ ಸೇರಿಸುವ ಹಾಗಿಲ್ಲ, ಬಣ್ಣ ಕೂಡ. ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಲೇಬೇಕು. ಅದರಿಂದ ಸ್ವಲ್ಪ ಮೆದು ರುಚಿ ಬರುತ್ತದೆ. ಆದರೆ ನಿಜವಾದ ಕೆಲಸ ಪೀಪಾಯಿಯದು. ಹೊಸ ಓಕ್ ಪೀಪಾಯಿಯ ಒಳಮೈಯನ್ನು ಬೆಂಕಿ ಹಚ್ಚಿ ಇದ್ದಿಲಾಗುವ ತನಕ ಸುಡುತ್ತಾರೆ. ವೈಲ್ಡ್ ಟರ್ಕಿಯವರು ಮೊಸಳೆ ಚರ್ಮದ ಹಾಗೆ ಬಿರುಕು ಬಿಡುವಷ್ಟು ಸುಡುತ್ತಾರೆ. ಆ ಕಾವಿಗೆ ಮರದೊಳಗಿನ ಸಕ್ಕರೆ ಕಂದುತ್ತದೆ, ವೆನಿಲ್ಲಾ ವಾಸನೆ ಹುಟ್ಟುತ್ತದೆ. ಇದು ಮಾಗುವ ಅಮೆರಿಕದ ಕೆಂಟಕಿ ರಾಜ್ಯದ ಬೇಸಿಗೆಯಲ್ಲಿ ವಿಸ್ಕಿ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗಾಲದಲ್ಲಿ ಅದನ್ನೆಲ್ಲ ಹೊತ್ತುಕೊಂಡು ವಾಪಸ್ ಬರುತ್ತದೆ. ಖಾಲಿಯಾದ ಪೀಪಾಯಿಯ ಒಂದು ಹಲಗೆಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕರೀ ಪದರದ ಕೆಳಗೆ, ಅಂಚಿನುದ್ದಕ್ಕೂ ಒಂದು ಕೆಂಪು ಗೆರೆ. ವಿಸ್ಕಿ ಅಲ್ಲಿಯವರೆಗೆ ಹೋಗಿ ಬಂದಿತ್ತು. ಮೂಗಿನ ಹತ್ತಿರ ತಂದರೆ ಬೆಲ್ಲದ ಪಾಕ ಕುದಿಯುವ ಮನೆಯ ವಾಸನೆ!

ಒಂದು ಸಲ ಬರ್ಬನ್ ತುಂಬಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವಂತಿಲ್ಲ. ಅವುಗಳಲ್ಲಿ ಎಷ್ಟೋ ಸ್ಕಾಟ್ಲೆಂಡಿಗೆ ಹೋಗುತ್ತವೆ. ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ಕೂಡ ಇಂಥ ಪೀಪಾಯಿಗಳಲ್ಲಿ ಮಾಗುತ್ತದೆ. ನಿಮ್ಮ ಇಷ್ಟದ ಸ್ಕಾಚ್‌ನಲ್ಲಿ ಹಿಂದೆಲ್ಲೋ ವೆನಿಲ್ಲಾ ಸುಳಿಯುತ್ತದಲ್ವಾ? ಬಹುಮಟ್ಟಿಗೆ ಅದು ಬರ್ಬನ್ ಬಿಟ್ಟುಹೋದದ್ದು. ನಿಮಗೆ ಇದು ಪೂರ್ತಿ ಹೊಸ ರುಚಿ ಅಲ್ಲ. ಅಲ್ಲಿ ಪಿಸುಗುಟ್ಟುತ್ತಿದ್ದದ್ದು ಇಲ್ಲಿ ಎದುರಿಗೆ ಕೂತು ಮಾತಾಡುತ್ತದೆ, ಅಷ್ಟೇ.

ಹಾಗಾಗಿ ಕೆಲವು ಸ್ಕಾಚ್‌ಗಳಲ್ಲಿರುವ ಹೊಗೆ ವಾಸನೆಯನ್ನು ಇಲ್ಲಿ ಹುಡುಕಬೇಡಿ. ಗ್ಲಾಸಿಗೆ ಹಾಕಿ ಹತ್ತು ನಿಮಿಷ ಸುಮ್ನೆ ಬಿಡಿ. ಮೂಗನ್ನು ಒಳಗೆ ತೂರಿಸಬೇಡಿ, ಬಾಯಿ ಸ್ವಲ್ಪ ತೆರೆದು ದೂರದಿಂದಲೇ ಮೂಸಿ. ಮೊದಲ ಗುಟುಕು ನಾಲಿಗೆಗೆ ಬರೀ ಪರಿಚಯ, ಅದರಿಂದ ಏನೂ ತೀರ್ಮಾನಿಸಬೇಡಿ. ಎರಡನೆಯದನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಸಿಹಿ ಮೊದಲು ಬರುತ್ತದೆ, ಆಮೇಲೆ ಕಾಳುಮೆಣಸಿನಂಥ ಖಾರ. ಆ ಖಾರ ಮೆಕ್ಕೆಜೋಳದ ಜೊತೆ ಸೇರಿಸುವ ರೈ ಅನ್ನುವ, ಗೋಧಿಯಂಥ ಧಾನ್ಯದ್ದು. ಕೊನೆಗೆ ಮರದ ಒಗರು ಉಳಿಯುತ್ತದೆ. ನೆಂಚಿಕೊಳ್ಳಲು ಉಪ್ಪು ಹಾಕಿ ಹುರಿದ ಕಡಲೆಕಾಯಿ ಸಾಕು. ಚಿಕನ್ ಕಬಾಬ್ ಮಸಾಲೆ ಇದರ ರುಚಿಯನ್ನೆಲ್ಲ ನುಂಗಿಬಿಡುತ್ತದೆ. ಸೆಕೆ ಜಾಸ್ತಿ ಇದ್ದರೆ ಒಂದು ದೊಡ್ಡ ಐಸ್ ತುಂಡು ಹಾಕಿ, ತಪ್ಪೇನಿಲ್ಲ.

ಮುಗಿದ ಮೇಲೆ ಗ್ಲಾಸನ್ನು ತಕ್ಷಣ ತೊಳೆಯಬೇಡಿ. ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಒಮ್ಮೆ ಮೂಸಿ ನೋಡಿ. ಆಲ್ಕೋಹಾಲ್ ಪೂರ್ತಿ ಹಾರಿಹೋಗಿ, ತಳದಲ್ಲಿ ಆ ಸುಟ್ಟ ಮರ ಮಾತ್ರ ಇರುತ್ತದೆ.