ಓದುಗರ ಪ್ರಶ್ನೆ: ತಾನಾಗಿ ರಚನೆಯಾದ ಕ್ಲಾಸ್‌ಗೆ ನಮ್ಮ ಕೋಡ್ ಸೇರಿಸುವುದು ಹೇಗೆ?

ಪ್ರಶ್ನೆ: ಪತ್ತಿನ ಸಹಕಾರ ಸಂಘವೊಂದರ ಸದಸ್ಯರ ವಿವರಗಳಿಗಾಗಿ ಸಿ ಶಾರ್ಪ್‌ನಲ್ಲಿ ತಂತ್ರಾಂಶ ಬರೆಯುತ್ತಿದ್ದೇನೆ. ಡೇಟಾಬೇಸ್ ಟೇಬಲ್‌ಗಳಿಗೆ ತಕ್ಕ ಕ್ಲಾಸ್‌ಗಳನ್ನು ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ (ಸಿ ಶಾರ್ಪ್ ಕೋಡನ್ನು ಡೇಟಾಬೇಸ್‌ಗೆ ಜೋಡಿಸುವ ಲೈಬ್ರರಿ) ಸ್ಕ್ಯಾಫೋಲ್ಡ್ ಕಮಾಂಡ್‌ನಿಂದ, ಅಂದರೆ ಟೇಬಲ್‌ಗಳನ್ನು ಓದಿ ಕ್ಲಾಸ್‌ಗಳನ್ನು ತಾನಾಗಿ ಬರೆಯುವ ಆದೇಶದಿಂದ, ಪಡೆದೆ. ಅದರಲ್ಲಿನ ‘ಮೆಂಬರ್’ ಕ್ಲಾಸ್‌ಗೆ ಪೂರ್ಣ ಹೆಸರು ಕೊಡುವ ಪ್ರಾಪರ್ಟಿಯನ್ನೂ ಮೊಬೈಲ್ ಸಂಖ್ಯೆಯ ತಪಾಸಣೆಯನ್ನೂ ಸೇರಿಸಿದ್ದೆ. ಟೇಬಲ್‌ಗೆ ಹೊಸ ಕಾಲಂ ಬಂದ ಮೇಲೆ ಹಳೆಯ ಫೈಲ್‌ಗಳ ಮೇಲೆಯೇ ಬರೆಯುವ ‘ಫೋರ್ಸ್’ ಆಯ್ಕೆಯೊಂದಿಗೆ ಅದೇ ಕಮಾಂಡ್ ಕೊಟ್ಟಾಗ ನಾನು ಬರೆದದ್ದೆಲ್ಲ ಅಳಿಸಿಹೋಯಿತು. ಇದಕ್ಕೆ ದಾರಿಯೇನು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಯಂತ್ರ ಬರೆದ ಫೈಲನ್ನು ಕೈಯಿಂದ ತಿದ್ದಲೇಬೇಡಿ. ಅದು ಟೇಬಲ್‌ನ ಪ್ರತಿಬಿಂಬ ಮಾತ್ರ. ಟೇಬಲ್ ಬದಲಾದಾಗಲೆಲ್ಲ ಹೊಸದಾಗಿ ಹುಟ್ಟುವುದೇ ಅದರ ಕೆಲಸ. 2005ರಲ್ಲಿ ಬಂದ ಸಿ ಶಾರ್ಪ್ 2.0 ಇಂತಹ ಸಂದರ್ಭಗಳಿಗೆ ಒದಗುವಂತೆ ‘ಪಾರ್ಷಿಯಲ್’ ಕ್ಲಾಸ್ ಎಂಬ ಸೌಲಭ್ಯವನ್ನು ಕೊಟ್ಟಿತು. ಸ್ಕ್ಯಾಫೋಲ್ಡ್ ರಚಿಸಿದ ಕ್ಲಾಸ್‌ನ ಹೆಸರಿನ ಹಿಂದೆ ಆ ಪದ ಈಗಾಗಲೇ ಇರುವುದನ್ನು ನೀವು ಗಮನಿಸಿರಬಹುದು. ಅದೇ ಹೆಸರಿನಲ್ಲಿ, ಅದೇ ಪದವನ್ನು ಬಳಸಿ, ಬೇರೊಂದು ಫೈಲ್‌ನಲ್ಲಿ ನಿಮ್ಮ ಭಾಗವನ್ನು ಬರೆದರೆ ಕಂಪೈಲರ್ ಎರಡನ್ನೂ ಕೂಡಿಸಿ ಒಂದೇ ಕ್ಲಾಸ್ ಮಾಡುತ್ತದೆ.

ಎರಡೂ ಫೈಲ್‌ಗಳು ಒಂದೇ ಪ್ರಾಜೆಕ್ಟ್‌ನಲ್ಲಿ, ಒಂದೇ ನೇಮ್‌ಸ್ಪೇಸ್‌ನಲ್ಲಿ (ಕ್ಲಾಸ್‌ಗಳನ್ನು ಗುಂಪುಮಾಡುವ ಹೆಸರು) ಇರಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ನಿಮ್ಮ ಫೈಲನ್ನು ಪ್ರತ್ಯೇಕ ಫೋಲ್ಡರ್‌ನಲ್ಲಿಡುವುದು ಒಳ್ಳೆಯ ಪದ್ಧತಿಯಾದರೂ, ವಿಷುವಲ್ ಸ್ಟುಡಿಯೋ ಆ ಫೋಲ್ಡರ್‌ನ ಹೆಸರನ್ನು ನೇಮ್‌ಸ್ಪೇಸ್‌ಗೂ ಸೇರಿಸಿಬಿಡುತ್ತದೆ. ಆಗ ಅದು ಹೆಸರೊಂದೇ ಆದ ಬೇರೆಯೇ ಕ್ಲಾಸ್ ಆಗುತ್ತದೆ. ಕಂಪೈಲರ್ ನೇಮ್‌ಸ್ಪೇಸ್‌ನ ಬಗ್ಗೆ ಏನೂ ಹೇಳದೆ, ಯಂತ್ರದ ಫೈಲ್‌ನಲ್ಲಿರುವ ‘ಫಸ್ಟ್‌ನೇಮ್’ನಂತಹ ಪ್ರಾಪರ್ಟಿ ಇಲ್ಲವೆಂದಷ್ಟೇ ದೂರುತ್ತದೆ. ಫೈಲ್ ತೆರೆದ ಕೂಡಲೇ ನೇಮ್‌ಸ್ಪೇಸ್‌ನ ಸಾಲನ್ನು ಸರಿಪಡಿಸಿಕೊಳ್ಳಿ.

ಪೂರ್ಣ ಹೆಸರಿನ ಪ್ರಾಪರ್ಟಿಗೆ ‘ಗೆಟ್’ (ಓದುವ ಭಾಗ) ಮಾತ್ರ ಇರಲಿ. ‘ಸೆಟ್’ (ಬರೆಯುವ ಭಾಗ) ಕೂಡ ಇದ್ದರೆ ಎಂಟಿಟಿ ಫ್ರೇಮ್‌ವರ್ಕ್ ಅದನ್ನೂ ಕಾಲಂ ಎಂದೇ ಭಾವಿಸಿ ಟೇಬಲ್‌ನಲ್ಲಿ ಹುಡುಕುತ್ತದೆ. ಸೆಟ್ ಅನಿವಾರ್ಯವಾದರೆ ಅದರ ಮೇಲೆ ‘ನಾಟ್‌ಮ್ಯಾಪ್ಡ್’ ಎಂಬ ಆಟ್ರಿಬ್ಯೂಟ್ (ಕೋಡ್‌ಗೆ ಅಂಟಿಸುವ ಸೂಚನಾ ಪಟ್ಟಿ) ಹಾಕಬೇಕು. ಕಾಲಂ ಅಲ್ಲದ ಈ ಪ್ರಾಪರ್ಟಿಯನ್ನು ಕ್ವೆರಿಯ ‘ವೇರ್’ ಷರತ್ತಿನಲ್ಲಿ ಬಳಸಿದರೆ ಅದನ್ನು ಎಸ್‌ಕ್ಯೂಎಲ್‌ಗೆ ಅನುವಾದಿಸಲಾಗದೆ, ಎಂಟಿಟಿ ಫ್ರೇಮ್‌ವರ್ಕ್ ಕೋರ್ 3.0 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಪ್ರೋಗ್ರಾಂ ಓಡುವಾಗ ದೋಷ ಬರುತ್ತದೆ. ಹೆಸರಿನಿಂದ ಹುಡುಕುವಾಗ ಮೂಲ ಕಾಲಂಗಳನ್ನೇ ಬಳಸಿ.

ಮೊಬೈಲ್ ಸಂಖ್ಯೆಯ ತಪಾಸಣೆ ಸ್ವಲ್ಪ ತೊಡಕಿನದು, ಏಕೆಂದರೆ ಆ ಪ್ರಾಪರ್ಟಿ ಯಂತ್ರದ ಫೈಲ್‌ನಲ್ಲಿ ಈಗಾಗಲೇ ಇರುವುದರಿಂದ ಅದನ್ನು ನಿಮ್ಮ ಫೈಲ್‌ನಲ್ಲಿ ಮತ್ತೊಮ್ಮೆ ಘೋಷಿಸಿ ಆಟ್ರಿಬ್ಯೂಟ್ ಅಂಟಿಸುವಂತಿಲ್ಲ. ಅದೇ ಹೆಸರಿನ ಪ್ರಾಪರ್ಟಿ ಇರುವ ಚಿಕ್ಕದೊಂದು ಕ್ಲಾಸ್ ಬರೆದು, ನಿಯಮಗಳನ್ನು ಅದರ ಮೇಲೆ ಹಾಕಿ, ‘ಮಾಡೆಲ್‌ಮೆಟಾಡೇಟಾಟೈಪ್’ ಆಟ್ರಿಬ್ಯೂಟ್‌ನ ಮೂಲಕ ಅದನ್ನು ನಿಮ್ಮ ಪಾರ್ಷಿಯಲ್ ಕ್ಲಾಸ್‌ಗೆ ಜೋಡಿಸಬಹುದು. ಆದರೆ ಇದನ್ನು ಓದುವುದು ಎಎಸ್‌ಪಿ ಡಾಟ್‌ನೆಟ್ ಕೋರ್‌ನ ಎಂವಿಸಿ (ವೆಬ್ ಪುಟಗಳನ್ನು ಕಟ್ಟುವ ಚೌಕಟ್ಟು) ಮಾತ್ರ. ವೆಬ್ ಪುಟದ ಹೊರಗೂ ತಪಾಸಣೆ ನಡೆಯಬೇಕಿದ್ದರೆ, ಪಾರ್ಷಿಯಲ್ ಭಾಗದಲ್ಲಿ ತಪಾಸಣೆಯ ಮೆಥಡ್ ಇರಬೇಕೆನ್ನುವ ‘ಐವ್ಯಾಲಿಡೇಟಬಲ್‌ಆಬ್ಜೆಕ್ಟ್’ ಇಂಟರ್‌ಫೇಸ್ ಅಳವಡಿಸಿ, ‘ವ್ಯಾಲಿಡೇಟರ್’ ಕ್ಲಾಸ್‌ನಿಂದ ಅದನ್ನು ಕರೆಯುವುದೇ ಭದ್ರವಾದ ದಾರಿಯೆಂದು ನನ್ನ ಅಭಿಪ್ರಾಯ.

ಮೆಂಬರ್‌ನಿಂದ ಇನ್ನೊಂದು ಕ್ಲಾಸನ್ನು ಇನ್‌ಹೆರಿಟ್ ಮಾಡುವ ಆಲೋಚನೆ ನಿಮಗೆ ಬಂದಿರಬಹುದು. ಅದರಿಂದ ಇಲ್ಲಿ ಪ್ರಯೋಜನವಿಲ್ಲ. ಕ್ವೆರಿಯಿಂದ ಬರುವುದು ಮೂಲ ಮೆಂಬರ್ ವಸ್ತುವೇ ಹೊರತು ನಿಮ್ಮದಲ್ಲ. ಡೇಟಾಬೇಸ್ ಸಂಪರ್ಕವನ್ನು ನೋಡಿಕೊಳ್ಳುವ, ಸ್ಕ್ಯಾಫೋಲ್ಡ್ ರಚಿಸಿದ ಡಿಬಿಕಾಂಟೆಕ್ಸ್ಟ್ ಫೈಲ್‌ನಲ್ಲೂ ಬದಲಾವಣೆ ಮಾಡಿದ್ದರೆ ಅದನ್ನು ‘ಆನ್‌ಮಾಡೆಲ್‌ಕ್ರಿಯೇಟಿಂಗ್‌ಪಾರ್ಷಿಯಲ್’ ಮೆಥಡ್‌ಗೆ ಸಾಗಿಸಿ. ಯಂತ್ರ ಇದನ್ನು ಘೋಷಿಸಿ ಕರೆಯುತ್ತದೆ, ಒಳಗಿನ ಕೋಡ್ ಬರೆಯುವುದು ನಿಮಗೆ ಬಿಟ್ಟದ್ದು.

ಅಳಿಸಿಹೋದ ಸಾಲುಗಳ ಬಗ್ಗೆ ಹೇಳುವುದಾದರೆ, ಪ್ರಾಜೆಕ್ಟ್ ಗಿಟ್‌ನಲ್ಲಿದ್ದು (ಕೋಡ್‌ನ ಹಳೆಯ ಆವೃತ್ತಿಗಳನ್ನು ಕಾಯ್ದಿಡುವ ಸಾಧನ) ನಿಮ್ಮ ತಿದ್ದುಪಡಿಗಳು ಅದರಲ್ಲಿ ಕಮಿಟ್, ಅಂದರೆ ದಾಖಲು, ಆಗಿದ್ದರೆ, ಹಳೆಯ ಮೆಂಬರ್ ಫೈಲನ್ನು ಈಗಿನದರೊಂದಿಗೆ ಹೋಲಿಸಿ ನೋಡಿ. ಅಲ್ಲಿ ಕಾಣುವ ನಿಮ್ಮ ಸಾಲುಗಳನ್ನು ಹೊಸ ಪಾರ್ಷಿಯಲ್ ಫೈಲ್‌ಗೆ ನಕಲಿಸಿ, ಬಳಿಕ ಮತ್ತೊಮ್ಮೆ ಸ್ಕ್ಯಾಫೋಲ್ಡ್ ಓಡಿಸಿ ಅವು ಉಳಿದಿವೆಯೇ ಎಂದು ಖಚಿತಪಡಿಸಿಕೊಳ್ಳಿ.