ಓದುಗರ ಪ್ರಶ್ನೆ: ಫುಟ್‌ಬಾಲ್ ವಿಶ್ವಕಪ್‌ಗೆ ಹೋಗೋದಾದ್ರೆ ಯಾವ ಊರಿಗೆ ಹೋಗೋದು?

ಪ್ರಶ್ನೆ: ನಾನು ಸುಂಟಿಕೊಪ್ಪದವನು, ಚಿಕ್ಕಂದಿನಿಂದ್ಲೂ ಅರ್ಜೆಂಟೀನಾ ಫ್ಯಾನ್. ಜೂನ್‌ನಲ್ಲಿ ತೋಟದಲ್ಲಿ ಕಾಫಿ ಕುಯ್ಲು ಇರಲ್ಲ, ಕೈಯಲ್ಲಿ ಸ್ವಲ್ಪ ದುಡ್ಡೂ ಇದೆ, ಫ್ರೆಂಡ್ಸ್ ಸೇರಿ ವಿಶ್ವಕಪ್‌ಗೆ ಹೊರಡೋಣ ಅಂತಿದ್ದೀವಿ. ಎಲ್ಲರ ಹತ್ರಾನೂ ಅಮೆರಿಕ ವೀಸಾ ಇದೆ. ಎರಡು ವಾರದಲ್ಲಿ ಮಿಯಾಮಿ, ಡಲ್ಲಾಸ್, ಮೆಕ್ಸಿಕೊ ಸಿಟಿ ಮೂರೂ ನೋಡ್ಬಹುದಾ?

ಉತ್ತರ: ಮೂರು ಬೇಡ, ಒಂದೇ ಊರು ಹಿಡ್ಕೊಳ್ಳಿ, ಅದೂ ಮೆಕ್ಸಿಕೊ ಸಿಟಿ. ಈ ಸಲ ಅಮೆರಿಕ, ಕೆನಡಾ, ಮೆಕ್ಸಿಕೊ ಅಂತ ಮೂರು ದೇಶ, 16 ಊರು, 48 ಟೀಮು, 104 ಪಂದ್ಯ. ಊರಿಂದೂರಿಗೆ ಓಡಾಡ್ತಾ ಹೋದ್ರೆ ರಜೆ ಎಲ್ಲಾ ಏರ್‌ಪೋರ್ಟ್ ಕ್ಯೂನಲ್ಲೇ ಮುಗಿಯುತ್ತೆ. ಅರ್ಜೆಂಟೀನಾ ಗ್ರೂಪ್ ಪಂದ್ಯ ಆಡೋದು ಕ್ಯಾನ್ಸಸ್ ಸಿಟಿ, ಡಲ್ಲಾಸ್‌ನಲ್ಲಿ, ಮೆಕ್ಸಿಕೊದಲ್ಲಿ ಅಲ್ಲ, ಅದು ನಿಮಗೆ ಬೇಜಾರಾಗುತ್ತೆ ಅಂತ ಗೊತ್ತು. ಆದ್ರೂ ಅರ್ಜೆಂಟೀನಾ ಫ್ಯಾನ್ ಅಂದ್ಮೇಲೆ ಮೆಕ್ಸಿಕೊ ಸಿಟಿಯ ಅಜ್ಟೆಕಾ ಸ್ಟೇಡಿಯಂ ನೋಡದೆ ಇರೋದು ಹೇಗೆ ಹೇಳಿ, 1986ರ ಜೂನ್ 22ಕ್ಕೆ ಇಂಗ್ಲೆಂಡ್ ವಿರುದ್ಧ ಮರಡೋನಾ ಕೈಯಿಂದ ಒಂದು ಗೋಲು, ಆಮೇಲೆ ಅರ್ಧ ಟೀಮನ್ನೇ ದಾಟ್ಕೊಂಡು ಹೋಗಿ ಇನ್ನೊಂದು ಗೋಲು ಹೊಡೆದದ್ದು ಅಲ್ಲೇ, ಅದಕ್ಕೂ ಮುಂಚೆ 1970ರ ಫೈನಲ್‌ನಲ್ಲಿ ಪೆಲೆಯ ಬ್ರೆಜಿಲ್ ಇಟಲಿಯನ್ನ 4-1ರಲ್ಲಿ ಸೋಲಿಸಿದ್ದೂ ಅಲ್ಲೇ. ಮೂರು ವಿಶ್ವಕಪ್‌ಗಳ ಪಂದ್ಯ ನಡೆಯೋ ಮೊದಲ ಸ್ಟೇಡಿಯಂ ಅದು. ಈ ಜೂನ್ 22ಕ್ಕೆ ಮರಡೋನಾ ಗೋಲಿಗೆ ಸರಿಯಾಗಿ 40 ವರ್ಷ, ಅವತ್ತೇ ಡಲ್ಲಾಸ್‌ನಲ್ಲಿ ಅರ್ಜೆಂಟೀನಾ-ಆಸ್ಟ್ರಿಯಾ ಪಂದ್ಯ. ಅದನ್ನ ಮೆಕ್ಸಿಕೊ ಸಿಟಿ ನಡುವಿನ ಸೋಕಾಲೊ ಮೈದಾನದ ದೊಡ್ಡ ಸ್ಕ್ರೀನ್‌ನಲ್ಲಿ ಜನರ ಮಧ್ಯೆ ನಿಂತು ನೋಡಿ, ಅಲ್ಲಿಗೆ ಟಿಕೆಟ್ ಬೇಕಿಲ್ಲ.

ಅಜ್ಟೆಕಾದಲ್ಲಿ ಜೂನ್ 11ರ ಉದ್ಘಾಟನಾ ಪಂದ್ಯ ಮೆಕ್ಸಿಕೊ-ದಕ್ಷಿಣ ಆಫ್ರಿಕಾ, 2010ರಲ್ಲೂ ಇದೇ ತಾರೀಖು ಇದೇ ಎರಡು ಟೀಮು ಜೊಹಾನ್ಸ್‌ಬರ್ಗ್‌ನಲ್ಲಿ ಆಡಿ 1-1 ಡ್ರಾ ಆಗಿತ್ತು. ಆದ್ರೆ ಅದರ ಟಿಕೆಟ್ ರೇಟ್ ಕೇಳಿದ್ರೆ ತಲೆ ತಿರುಗುತ್ತೆ. ನಾನಾದ್ರೆ ಅಲ್ಲೇ ನಡೆಯೋ ಜೂನ್ 17ರ ಉಜ್ಬೇಕಿಸ್ತಾನ-ಕೊಲಂಬಿಯಾ ಪಂದ್ಯಕ್ಕೇ ಹೋಗಿ ಅಂತೀನಿ, ಒಂದು ಕಡೆ ಮೊದಲ ಸಲ ವಿಶ್ವಕಪ್‌ಗೆ ಬಂದಿರೋ ಟೀಮು, ಇನ್ನೊಂದು ಕಡೆ ಹಳದಿ ಜೆರ್ಸಿ ಹಾಕ್ಕೊಂಡು ಹಾಡ್ತಾ ಬರೋ ಕೊಲಂಬಿಯಾ ಜನ. ಟಿಕೆಟ್ ಫಿಫಾ ವೆಬ್‌ಸೈಟ್‌ನಲ್ಲೇ ತಗೊಳ್ಳಿ, ಅವರ ರೀಸೇಲ್‌ನಲ್ಲಿ ಕೊಳ್ಳೋರ ಮೇಲೆ 15 ಪರ್ಸೆಂಟ್ ಜಾಸ್ತಿ ಬೀಳುತ್ತೆ, ಬಿದ್ರೂ ಪರ್ವಾಗಿಲ್ಲ, ವಾಟ್ಸಾಪ್ ಗ್ರೂಪಲ್ಲಿ ಯಾರೋ ಕೊಡ್ತೀನಿ ಅಂದ್ರೆ ದಯವಿಟ್ಟು ದುಡ್ಡು ಕಳಿಸ್ಬೇಡಿ.

ವ್ಯಾಲಿಡ್ ಆಗಿರೋ ಅಮೆರಿಕ ವೀಸಾ ಇದ್ರೆ ಮೆಕ್ಸಿಕೊಗೆ ಬೇರೆ ವೀಸಾ ಬೇಕಿಲ್ಲ. ಸ್ಟೇಡಿಯಂಗೆ ಟ್ಯಾಕ್ಸಿ ಹುಡುಕ್ಬೇಡಿ, ಸೋಕಾಲೊದಲ್ಲೇ ಮೆಟ್ರೊ 2ನೇ ಲೈನ್ ಹತ್ತಿ ಕೊನೇ ಸ್ಟೇಷನ್ ತಸ್ಕೆನ್ಯಾದಲ್ಲಿ ಇಳಿದು, ಅಲ್ಲಿಂದ ಲೈಟ್ ರೈಲ್ ಹಿಡಿದ್ರೆ ಸ್ಟೇಡಿಯಂ ಪಕ್ಕಕ್ಕೇ ಬಿಡುತ್ತೆ. ಮೆಟ್ರೊ ಟಿಕೆಟ್ ಬರೀ 5 ಪೆಸೊ.

ಊಟದ ಚಿಂತೆ ನಮ್ಮ ಕೊಡಗಿನೋರಿಗೆ ಖಂಡಿತ ಬೇಡ, ಹಂದಿ ಮಾಂಸ, ಖಾರ, ಬಿಸಿಬಿಸಿ ಜೋಳದ ರೊಟ್ಟಿ ಬೀದಿಬೀದಿಯಲ್ಲೂ ಸಿಗುತ್ತೆ. ಕಫೆ ದೆ ಓಯಾ ಅಂತ ಕೇಳಿ ಕುಡೀರಿ, ಮಣ್ಣಿನ ಮಡಕೇಲಿ ಚಕ್ಕೆ, ಕಬ್ಬಿನ ಬೆಲ್ಲ ಹಾಕಿ ಕುದಿಸಿದ ಕಾಫಿ, ಹಾಲು ಹಾಕಲ್ಲ, ನಮ್ಮನೆ ಬೆಲ್ಲದ ಕಾಫಿಗೆ ಚಕ್ಕೆ ಬಿದ್ದ ಹಾಗಿರುತ್ತೆ. ನಲ್ಲಿ ನೀರು ಮಾತ್ರ ಕುಡೀಬೇಡಿ.

ಪ್ರಶ್ನೆ: ಅಪ್ಪನಿಗೆ ಅರವತ್ತು ದಾಟಿದೆ, ಸ್ವಲ್ಪ ಉಬ್ಬಸ ಇದೆ, ಫುಟ್‌ಬಾಲ್ ಅಂದ್ರೆ ಪ್ರಾಣ. ಮೆಕ್ಸಿಕೊ ಸಿಟಿಗೆ ಕರ್ಕೊಂಡು ಹೋಗ್ಬಹುದಾ? (ವಿರಾಜಪೇಟೆ)

ಉತ್ತರ: ಮೊದಲು ಅವರ ಡಾಕ್ಟರ್ ಹತ್ರ ಕೇಳಿ, ಇದನ್ನ ಸುಮ್ನೆ ಹೇಳ್ತಿಲ್ಲ. ಆ ಊರು ಇರೋದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲೆ. ನಮ್ಮ ತಡಿಯಂಡಮೋಳ್ ತುದಿಯೇ 1,748, ಮುಳ್ಳಯ್ಯನಗಿರಿ 1,930, ಅಂದ್ರೆ ಅಲ್ಲಿ ಜನ ಬಸ್ ಹತ್ತೋದು, ಆಫೀಸಿಗೆ ಹೋಗೋದು ಎಲ್ಲಾ ಕರ್ನಾಟಕದ ಅತಿ ಎತ್ತರದ ಬೆಟ್ಟಕ್ಕಿಂತ ಮೇಲೆ. ಗಾಳಿ ತೆಳು, ಆರೋಗ್ಯವಂತರಿಗೂ ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ, ಕೆಲವರಿಗೆ ತಲೆನೋವು, ನಿದ್ದೆ ಸರಿ ಬರಲ್ಲ. ಡಾಕ್ಟರ್ ಓಕೆ ಅಂದ್ರೆ ಪಂದ್ಯಕ್ಕೆ ಮೂರ್ನಾಲ್ಕು ದಿನ ಮುಂಚೆನೇ ಹೋಗಿ ಮೊದಲೆರಡು ದಿನ ರೂಮಿನ ಹತ್ರಾನೇ ಇರ್ಲಿ, ನೀರು ಜಾಸ್ತಿ ಕುಡೀಲಿ, ಇನ್ಹೇಲರ್ ಚೆಕ್-ಇನ್ ಬ್ಯಾಗಲ್ಲಿ ಹಾಕ್ದೆ ಕೈಯಲ್ಲೇ ಇಟ್ಕೊಳ್ಳಿ. ಜೂನ್ ಅಲ್ಲೂ ಮಳೆಗಾಲ, ಮಧ್ಯಾಹ್ನದ ಮೇಲೆ ಮಳೆ ಹೊಡೆಯುತ್ತೆ, ಜರ್ಕಿನ್ ಇರ್ಲಿ. ಡಾಕ್ಟರ್ ಬೇಡ ಅಂದ್ರೆ ಅಪ್ಪನನ್ನ ಟೊರೊಂಟೊಗೋ ವ್ಯಾಂಕೂವರ್‌ಗೋ ಕರ್ಕೊಂಡು ಹೋಗಿ, ಅಲ್ಲೂ ಪಂದ್ಯ ಇದೆ, ಎತ್ತರದ ತೊಂದರೆ ಇಲ್ಲ. ಆದ್ರೆ ಕೆನಡಾ ವೀಸಾಗೆ ಈಗ್ಲೇ ಅರ್ಜಿ ಹಾಕಿ, ಮ್ಯಾಚ್ ಟಿಕೆಟ್ ಇದೆ ಅಂದ ಮಾತ್ರಕ್ಕೆ ವೀಸಾ ಸಿಗಲ್ಲ.

ಪ್ರಶ್ನೆ: ಮೆಕ್ಸಿಕೊ ಸಿಟಿಗೆ ನಾನೊಬ್ಬಳೇ ಹೋಗೋದು. ಅಲ್ಲಿನ ಮೆಟ್ರೊದಲ್ಲಿ ಹೆಣ್ಣುಮಕ್ಕಳು ಓಡಾಡ್ಬಹುದಾ? (ಪೊನ್ನಂಪೇಟೆ)

ಉತ್ತರ: ಓಡಾಡ್ಬಹುದು. ಮುಂದಿನ ಬೋಗಿಗಳು ಹೆಂಗಸರಿಗೆ, ಮಕ್ಕಳಿಗೆ ಅಂತಾನೇ ಮೀಸಲು, ಪ್ಲಾಟ್‌ಫಾರ್ಮ್ ಮೇಲೂ ಅದಕ್ಕೆ ಬೇರೆ ಜಾಗ ಇದೆ, ರಶ್ ಇರೋ ಹೊತ್ತಲ್ಲಿ ಅಲ್ಲೇ ನಿಲ್ಲಿ. ಕಿಸೆಗಳ್ಳರು ಇದ್ದಾರೆ, ಟಿಕೆಟ್ ಇರೋದು ಫೋನಲ್ಲೇ ಆದ್ರಿಂದ ಫೋನ್ ಹೋದ್ರೆ ಪಂದ್ಯಾನೂ ಹೋಯ್ತು, ಹಿಂದಿನ ಜೇಬಲ್ಲಿ ಇಡ್ಬೇಡಿ, ಜೊತೆಗೊಂದು ಪವರ್‌ಬ್ಯಾಂಕ್ ಇರ್ಲಿ. ರಾತ್ರಿ ಪಂದ್ಯ ಮುಗಿದ್ಮೇಲೆ ಖಾಲಿ ರಸ್ತೇಲಿ ನಡೀದೆ ಆ್ಯಪ್ ಕ್ಯಾಬ್ ಮಾಡ್ಕೊಂಡು ರೂಮಿಗೆ ಹೋಗಿ.